ಇಸ್ಲಾಂ ಚಿಂತನೆಯಲ್ಲಿ ದೈವಸಂಕಲ್ಪವೂ ಪುರುಷಪ್ರಯತ್ನವೂ

ದೇವರು ಸರ್ವಜ್ಞನೂ ಸರ್ವಶಕ್ತನೂ ಆಗಿದ್ದರೆ, ಮನುಷ್ಯನು ಮಾಡುವ ಕರ್ಮಕ್ಕೆ ಮನುಷ್ಯನು ಹೊಣೆಯಾಗುವುದು ಹೇಗೆ? ಅವನು ಹೊಣೆಯಲ್ಲವಾದರೆ ಸ್ವರ್ಗ-ನರಕಗಳಿಗೆ ಅರ್ಥವೇನು? ಏಕದೇವನನ್ನು ನಂಬಿದ ಮತಗಳೆಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಈ ಪ್ರಶ್ನೆಯನ್ನು ಇದಿರಿಸಿವೆ. ನಮ್ಮ ದೇಶದಲ್ಲಿಯೂ ದೈವ-ಪುರುಷಕಾರಗಳ ಚರ್ಚೆ ಬಹು ಹಳೆಯದು. ಮಹಾಭಾರತದ ಅನುಶಾಸನಪರ್ವದಲ್ಲಿ ದೈವವನ್ನು ಬೀಜಕ್ಕೂ ಪುರುಷಪ್ರಯತ್ನವನ್ನು ಹೊಲಕ್ಕೂ ಹೋಲಿಸಿರುವುದು ಅನೇಕರಿಗೆ ತಿಳಿದ ವಿಷಯವೇ. ಆದರೆ ಇಸ್ಲಾಂ ಮತದಲ್ಲಿ ಇಂಥ ಚರ್ಚೆಗೆ ಎಡೆಯೇ ಇಲ್ಲ, ಅದು ಹಣೆಬರಹವನ್ನು ನಂಬಿ ಕೈಕಟ್ಟಿ ಕುಳಿತುಕೊಳ್ಳುವುದನ್ನು ಬೋಧಿಸುವ ಮತ ಎಂಬ ಅಭಿಪ್ರಾಯ ಸುಶಿಕ್ಷಿತರಲ್ಲಿಯೂ ಬೇರೂರಿರುವುದನ್ನು ಕಾಣುತ್ತೇವೆ.

ಈ ಅಭಿಪ್ರಾಯ ಹರಡಿದ್ದು ಬಹುಮಟ್ಟಿಗೆ ಯೂರೋಪಿನಿಂದ. ಜರ್ಮನಿಯ ತತ್ತ್ವಜ್ಞ ಲೈಬ್‌ನಿಟ್ಸನು 1710ರಲ್ಲಿ ಪ್ರಕಟಿಸಿದ ‘ಥಿಯೊಡಿಸಿ’ ಎಂಬ ಗ್ರಂಥದಲ್ಲಿ ವಿಧಿಯ ಕಲ್ಪನೆಗಳನ್ನು ವಿಂಗಡಿಸುತ್ತ ಅವುಗಳಲ್ಲಿ ಒಂದಕ್ಕೆ ‘ಮಹಮ್ಮದೀಯ ವಿಧಿ’ ಎಂದು ಹೆಸರಿಟ್ಟನು. ಪ್ಲೇಗು ಹತ್ತಿದ ಊರನ್ನು ಸಹ ತುರ್ಕರು ಬಿಟ್ಟು ಹೋಗುವುದಿಲ್ಲವೆಂಬ ಪ್ರತೀತಿಯನ್ನು ಅದಕ್ಕೆ ನಿದರ್ಶನವಾಗಿ ಕೊಟ್ಟನು. ಮುಂದೆ ಇದೇ ಮಾತು ಪ್ರವಾಸಕಥನಗಳಲ್ಲಿಯೂ ಚರಿತ್ರೆಯ ಪುಸ್ತಕಗಳಲ್ಲಿಯೂ ಮರುಕಳಿಸಿತು.

ಇಸ್ಲಾಮಿನ ಮೊದಲ ಮೂರು-ನಾಲ್ಕು ಶತಮಾನಗಳ ಚರಿತ್ರೆಯನ್ನು ಓದಿದವರಿಗೆ ಬೇರೊಂದು ಚಿತ್ರ ಕಾಣುತ್ತದೆ. ಅಲ್ಲಿ ವಿಧಿಯ ಚರ್ಚೆ ಕಾವೇರಿದ್ದು ನ್ಯಾಯದ ಪ್ರಶ್ನೆಯಾಗಿ. ಆಳುವವನು ಮಾಡಿದ ಅನ್ಯಾಯಕ್ಕೆ ಹೊಣೆ ಯಾರು, ಆಳುವವನೋ ದೇವರೋ ಎಂಬುದೇ ಅದರ ತಿರುಳು. ಆ ಪ್ರಶ್ನೆಯನ್ನೆತ್ತಿದ ಕೆಲವರು ತಲೆಯನ್ನೇ ತೆತ್ತರು. ಉತ್ತರ ಹೇಳಿದವರು ಹಲವು ಪಕ್ಷಗಳಾಗಿ ಒಡೆದರೂ, ಅವರಲ್ಲಿ ಬಹುಮಂದಿ ಮನುಷ್ಯನ ಹೊಣೆಯನ್ನು ಹೇಗಾದರೂ ಉಳಿಸಿಕೊಳ್ಳಲು ಹೆಣಗಿದರು. ಈ ಲೇಖನದ ಪ್ರತಿಪಾದ್ಯ ಇಷ್ಟೇ.

ಪದಗಳ ವಿಚಾರ

ಮೊದಲು ಪದಗಳನ್ನು ನೋಡೋಣ. ಈ ಚರ್ಚೆಯ ಮುಖ್ಯ ಶಬ್ದ ‘ಕದರ್’. ಅರಬ್ಬೀ ಭಾಷೆಯಲ್ಲಿ ಅದರ ಧಾತ್ವರ್ಥ ‘ಅಳತೆ’, ‘ಪ್ರಮಾಣ’; ಅದರಿಂದಲೇ ‘ಶಕ್ತಿ’ ಎಂಬ ಅರ್ಥವೂ ಹೊರಟಿದೆ. ದೇವರು ಪ್ರತಿಯೊಂದನ್ನೂ ಅಳತೆಗೊಳಪಡಿಸಿ ಸೃಷ್ಟಿಸಿದನೆಂಬ ಭಾವನೆ ಇದರ ಮೂಲ. ಇದರ ಜೊತೆಗೆ ಬರುವ ‘ಕಜಾ’ ಎಂಬುದಕ್ಕೆ ತೀರ್ಪು, ನಿರ್ಣಯ ಎಂದರ್ಥ; ನ್ಯಾಯ ತೀರಿಸುವ ‘ಕಾಜಿ’ ಇದೇ ಧಾತುವಿನವನು. ಬಲಾತ್ಕಾರಕ್ಕೆ ‘ಜಬ್ರ್’ ಎಂದೂ, ಆಯ್ಕೆಯ ಸ್ವಾತಂತ್ರ್ಯಕ್ಕೆ ‘ಇಖ್ತಿಯಾರ್’ ಎಂದೂ ಹೆಸರು.

ಕನ್ನಡಿಗರಿಗೂ ಈ ಕುಟುಂಬದ ಶಬ್ದಗಳು ಅಪರಿಚಿತವಲ್ಲ. ‘ಅವನ ಖದರೇ ಬೇರೆ’ ಎನ್ನುವಾಗ ನಾವು ಬಳಸುವ ‘ಖದರು’ ಈ ‘ಅಳತೆ-ಬೆಲೆ’ಯ ಧಾತುವಿನಿಂದ ಬಂದದ್ದು. ‘ನಸೀಬು’, ‘ಕಿಸ್ಮತ್ತು’ ಎಂಬೆರಡೂ ಅರಬ್ಬೀ ಮೂಲದವು. ಎರಡಕ್ಕೂ ಮೂಲದಲ್ಲಿರುವ ಅರ್ಥ ‘ಪಾಲು’ ಎಂದಷ್ಟೆ. ಪಾಲಿಗೆ ಬಂದದ್ದು ಎಂಬ ಕನ್ನಡದ ಮಾತೂ ಅದನ್ನೇ ಹೇಳುತ್ತದೆ. ಪಾಲು ಸಿಕ್ಕಿತೆಂದ ಮಾತ್ರಕ್ಕೆ ಆ ಪಾಲಿನ ಹೊಲವನ್ನು ಉಳುವ ಕೆಲಸ ತಪ್ಪಿತೆಂದು ಯಾರೂ ಹೇಳುವುದಿಲ್ಲ.

ಹಳೆಯ ಅರಬ್ಬರ ಕಾಲದೈವವೂ ಕುರಾನಿನ ಮಾತೂ

ಇಸ್ಲಾಮಿಗೆ ಮುಂಚಿನ ಅರಬ್ಬರು ತೀವ್ರವಾದ ವಿಧಿವಾದಿಗಳಾಗಿದ್ದರು. ಮರುಭೂಮಿಯ ಅವರ ಕವನಗಳಲ್ಲಿ ‘ದಹ್ರ್’ ಎಂದರೆ ‘ಕಾಲ’ವು ಕುರುಡು ಶಕ್ತಿಯಾಗಿ ಮನುಷ್ಯನ ಆಯುಷ್ಯವನ್ನೂ ಅನ್ನವನ್ನೂ ನಿರ್ಣಯಿಸುತ್ತದೆ. ಅದಕ್ಕೆ ನ್ಯಾಯವೂ ಇಲ್ಲ, ದಯೆಯೂ ಇಲ್ಲ. ತಮ್ಮನ್ನು ಅಳಿಸುವುದು ಕಾಲವಲ್ಲದೆ ಬೇರೇನೂ ಅಲ್ಲವೆನ್ನುವ ಇವರ ವಾದವನ್ನು ಕುರಾನು 45ನೆಯ ಅಧ್ಯಾಯದಲ್ಲಿ ಪ್ರಸ್ತಾಪಿಸಿ ಖಂಡಿಸುತ್ತದೆ. ಕುರುಡು ಕಾಲದ ಸ್ಥಾನದಲ್ಲಿ ಅರಿವುಳ್ಳ, ಕರುಣೆಯುಳ್ಳ, ಲೆಕ್ಕ ಕೇಳುವ ಒಬ್ಬ ದೇವರನ್ನು ನಿಲ್ಲಿಸಿದ್ದು ಪೈಗಂಬರರ ಬೋಧೆಯ ದೊಡ್ಡ ಕ್ರಾಂತಿ. ಲೆಕ್ಕ ಕೇಳುವ ದೇವರಿದ್ದಲ್ಲಿ ಲೆಕ್ಕ ಕೊಡಬೇಕಾದ ಮನುಷ್ಯನೂ ಇರಲೇಬೇಕಷ್ಟೆ.

ಆದರೆ ಕುರಾನು ತರ್ಕಶಾಸ್ತ್ರದ ಪುಸ್ತಕವಲ್ಲ. ಅದರಲ್ಲಿ ಎರಡೂ ಬಗೆಯ ವಚನಗಳಿವೆ. ನಂಬುವುದನ್ನೂ ನಂಬದಿರುವುದನ್ನೂ 18ನೆಯ ಅಧ್ಯಾಯದ 29ನೆಯ ವಚನ ಮನುಷ್ಯನ ಇಚ್ಛೆಗೆ ಬಿಡುತ್ತದೆ. ಜನರು ತಮ್ಮ ಅಂತರಂಗವನ್ನು ತಾವೇ ಬದಲಿಸಿಕೊಳ್ಳುವವರೆಗೆ ದೇವರು ಅವರ ಸ್ಥಿತಿಯನ್ನು ಬದಲಿಸುವುದಿಲ್ಲವೆಂಬ ಅರ್ಥ 13ನೆಯ ಅಧ್ಯಾಯದ 11ನೆಯ ವಚನದಲ್ಲಿದೆ. ಇನ್ನೊಂದು ಕಡೆ, ದೇವರು ಇಚ್ಛಿಸಿದ ಹೊರತು ಮನುಷ್ಯರು ಇಚ್ಛಿಸಲಾರರು ಎಂಬ ಭಾವ 76ನೆಯ ಅಧ್ಯಾಯದ 30ನೆಯ ವಚನದಲ್ಲಿದೆ. ಭಕ್ತನಿಗೆ ಈ ಎರಡೂ ಏಕಕಾಲದಲ್ಲಿ ಸತ್ಯ: ದುಡಿಯುವಾಗ ಮೊದಲನೆಯದು, ದುಡಿದ ಮೇಲೆ ಎರಡನೆಯದು. ತಾರ್ಕಿಕನಿಗೆ ಮಾತ್ರ ಇವೆರಡನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಕಷ್ಟ. ಮುಂದೆ ಬಂದ ಪಂಥಗಳೆಲ್ಲವೂ ಕುರಾನನ್ನೇ ಆಧಾರವಾಗಿ ಹಿಡಿದದ್ದು ಇದರಿಂದ.

ಖಲೀಫ ಉಮರರೂ ಪ್ಲೇಗೂ

ಲೈಬ್‌ನಿಟ್ಸನು ಪ್ಲೇಗಿನ ಉದಾಹರಣೆ ಕೊಟ್ಟನೆಂದೆವು. ಆಶ್ಚರ್ಯವೆಂದರೆ, ವಿಧಿಯ ಪ್ರಶ್ನೆ ಇಸ್ಲಾಮಿನ ಚರಿತ್ರೆಯಲ್ಲಿ ಬಹಿರಂಗವಾಗಿ ಎದ್ದ ಅತಿ ಹಳೆಯ ಪ್ರಸಂಗಗಳಲ್ಲಿ ಒಂದು ಪ್ಲೇಗಿಗೇ ಸಂಬಂಧಿಸಿದ್ದು. ಎರಡನೆಯ ಖಲೀಫ ಉಮರರು 639ರ ಆಸುಪಾಸಿನಲ್ಲಿ ಮದೀನದಿಂದ ಸಿರಿಯಕ್ಕೆ ಹೊರಟು ಗಡಿಯ ಸರ್ಘ್ ಎಂಬಲ್ಲಿಗೆ ತಲಪಿದಾಗ, ಮುಂದಿನ ನಾಡಿನಲ್ಲಿ ಪ್ಲೇಗು ಹಬ್ಬಿದೆಯೆಂದು ಸೇನಾಪತಿಗಳು ಬಂದು ತಿಳಿಸಿದರು. ಉಮರರು ಮೊದಲು ಮಕ್ಕೆಯಿಂದ ವಲಸೆ ಬಂದ ಹಿರಿಯರನ್ನೂ, ಆಮೇಲೆ ಮದೀನದವರನ್ನೂ, ಕಡೆಗೆ ಕುರೈಷರ ವೃದ್ಧರನ್ನೂ ಕರೆಸಿ ಸಮಾಲೋಚಿಸಿದರು. ಮೊದಲ ಎರಡು ಗುಂಪಿನವರಲ್ಲಿ ಒಮ್ಮತ ಬರಲಿಲ್ಲ, ಮೂರನೆಯವರು ಹಿಂದಿರುಗಬೇಕೆಂದರು. ಉಮರರು ಹಾಗೆಯೇ ನಿಶ್ಚಯಿಸಿದಾಗ ಸೇನಾಪತಿ ಅಬೂ ಉಬೈದರು, ದೇವರ ಸಂಕಲ್ಪದಿಂದ ಓಡಿಹೋಗುವುದೇ ಎಂದು ಆಕ್ಷೇಪಿಸಿದರು.

ಉಮರರ ಉತ್ತರ ಬುಖಾರಿ, ಮುಸ್ಲಿಂ ಎಂಬ ಎರಡು ಪ್ರಮಾಣಭೂತ ಹದೀಸ್ ಸಂಗ್ರಹಗಳಲ್ಲಿಯೂ ದಾಖಲಾಗಿದೆ. ಅದರ ಸಾರಾಂಶ ಹೀಗೆ: ದೇವರ ಒಂದು ಸಂಕಲ್ಪವನ್ನು ಬಿಟ್ಟು ಅವನದೇ ಇನ್ನೊಂದು ಸಂಕಲ್ಪಕ್ಕೆ ಹೋಗುವುದು ಓಟವಲ್ಲ. ಒಂದು ಪಕ್ಕ ಹಸುರು, ಇನ್ನೊಂದು ಪಕ್ಕ ಬರಡು ಇರುವ ಕಣಿವೆಗೆ ಒಂಟೆಗಳನ್ನು ಇಳಿಸಿದವನು ಹಸುರಿನಲ್ಲಿ ಮೇಯಿಸಿದರೂ ಬರಡಿನಲ್ಲಿ ಮೇಯಿಸಿದರೂ ಅದು ದೇವರ ಸಂಕಲ್ಪದೊಳಗೇ ನಡೆಯುತ್ತದೆ. ಹಾಗೆಂದು ಬರಡನ್ನು ಆರಿಸುವ ಕುರುಬನುಂಟೆ? ಅಷ್ಟರಲ್ಲಿ ಅಬ್ದುರ್ರಹಮಾನ್ ಇಬ್ನ್ ಔಫ್ ಎಂಬ ಸಹಾಬಿ ಬಂದು, ಪ್ಲೇಗು ಇರುವ ಊರಿಗೆ ಹೋಗಬಾರದೆಂದೂ ತಾನಿರುವ ಊರಿಗೆ ಅದು ಬಂದರೆ ಅಲ್ಲಿಂದ ಓಡಬಾರದೆಂದೂ ಪೈಗಂಬರರು ಹೇಳಿದ್ದನ್ನು ತಿಳಿಸಿದರು. ಖಲೀಫರು ಹಿಂದಿರುಗಿದರು, ಅಬೂ ಉಬೈದರು ತಮ್ಮ ಸೈನ್ಯದೊಂದಿಗೆ ಉಳಿದು ಅದೇ ಪ್ಲೇಗಿಗೆ ಬಲಿಯಾದರು. ಇಬ್ಬರೂ ನಿಷ್ಠಾವಂತರೇ, ಇಬ್ಬರೂ ಆರಿಸಿಕೊಂಡೇ ನಡೆದವರು. ಊರಿಗೆ ಹೋಗಬೇಡ, ಊರನ್ನು ಬಿಡಬೇಡ ಎಂಬ ಎರಡು ಮಾತುಗಳನ್ನು ಕೂಡಿಸಿದರೆ ಅಂಟುರೋಗವನ್ನು ತಡೆಯುವ ನಿರ್ಬಂಧದ ನಿಯಮವೇ ಆಗುತ್ತದೆ. ಅದರ ಅರ್ಧವನ್ನು ಮಾತ್ರ ಕೇಳಿದ ಯೂರೋಪಿನವರು ವಿಧಿವಾದವೆಂದು ತಿಳಿದರೆಂದು ತೋರುತ್ತದೆ.

ಕರ್ಬಲಾದ ಬಳಿಕ

ಮೊದಲ ನಾಲ್ವರು ಖಲೀಫರ ಅನಂತರ, 661ರಲ್ಲಿ, ಮುಆವಿಯನು ದಮಸ್ಕಸಿನಲ್ಲಿ ಉಮಯ್ಯದ್ ವಂಶದ ಆಳಿಕೆಯನ್ನು ಸ್ಥಾಪಿಸಿದನು. ಮಗನಿಗೆ ಪಟ್ಟ ಸಲ್ಲುವ ಪದ್ಧತಿ ಬಂತು. ಆ ಮಗನಾದ ಯಜೀದನ ಕಾಲದಲ್ಲಿ, 680ರಲ್ಲಿ, ಪೈಗಂಬರರ ಮೊಮ್ಮಗ ಹುಸೇನರು ಕರ್ಬಲಾದಲ್ಲಿ ಕೊಲೆಯಾದರು. ಅವರ ಮಕ್ಕಳಲ್ಲಿ ಅಲಿ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚಿದ್ದರು. ಒಬ್ಬ ಅಲಿ ಯುದ್ಧದಲ್ಲಿ ಮಡಿದನು. ಕಾಯಿಲೆಯಿಂದ ಮಲಗಿದ್ದ ಇನ್ನೊಬ್ಬ ಅಲಿ ಸೆರೆಯಾಳಾಗಿ ಕೂಫಾದ ರಾಜ್ಯಪಾಲ ಉಬೈದುಲ್ಲಾನ ಮುಂದೆ ನಿಲ್ಲಬೇಕಾಯಿತು.

ಅಲ್ಲಿ ನಡೆದ ಸಂವಾದವನ್ನು ಇತಿಹಾಸಕಾರ ತಬರಿ (ಮರಣ 923) ದಾಖಲಿಸಿದ್ದಾನೆ. ಹುಸೇನರ ಮಗ ಅಲಿಯನ್ನು ದೇವರು ಕೊಲ್ಲಲಿಲ್ಲವೇ ಎಂದು ರಾಜ್ಯಪಾಲನು ಕೇಳಿದನಂತೆ. ಅದೇ ಹೆಸರಿನ ಅಣ್ಣನೊಬ್ಬನಿದ್ದನು, ಅವನನ್ನು ಜನರು ಕೊಂದರು ಎಂದು ಸೆರೆಯಾಳು ಉತ್ತರಿಸಿದನು. ಇಲ್ಲ, ದೇವರೇ ಕೊಂದದ್ದು ಎಂದು ರಾಜ್ಯಪಾಲನು ಒತ್ತಿ ಹೇಳಿದನು. ಸಾವಿನ ವೇಳೆಯಲ್ಲಿ ಪ್ರಾಣಗಳನ್ನು ತೆಗೆದುಕೊಳ್ಳುವವನು ದೇವರೇ ಎಂಬರ್ಥದ ಕುರಾನಿನ ವಚನವನ್ನು ಹೇಳಿ ಯುವಕನು ಸುಮ್ಮನಾದನು. ಸಾವು ದೇವರ ಕೈಯಲ್ಲಿದೆಯೆಂಬುದನ್ನು ಅವನು ಅಲ್ಲಗಳೆಯಲಿಲ್ಲ. ಕೊಲೆ ಜನರದೆಂಬುದನ್ನು ಬಿಟ್ಟುಕೊಡಲೂ ಇಲ್ಲ. ವಿಧಿ ಮತ್ತು ಹೊಣೆಯ ಸಮಸ್ಯೆಯನ್ನು ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಭಯಂಕರವಾಗಿ ಹೇಳುವುದು ಕಷ್ಟ. ಹಂತಕನಿಗೆ ವಿಧಿಯೇ ಗುರಾಣಿಯಾದ ಕ್ಷಣವದು.

ಬಸ್ರಾದ ಚಿಂತಕರು

ದೇವರೇ ತಮಗೆ ಅಧಿಕಾರ ಕೊಟ್ಟನು, ತಮ್ಮ ಮೂಲಕ ಆಗುವುದೆಲ್ಲ ಅವನ ಸಂಕಲ್ಪ ಎಂಬ ಧ್ವನಿ ಉಮಯ್ಯದ್ ಆಸ್ಥಾನದಲ್ಲಿಯೂ ಅದರ ಹೊಗಳುಕವಿಗಳಲ್ಲಿಯೂ ಬೆಳೆಯಿತು. ಅದಕ್ಕೆ ಪ್ರತಿಧ್ವನಿ ಎದ್ದದ್ದು ಇರಾಕಿನ ಬಸ್ರಾ ಪಟ್ಟಣದಲ್ಲಿ. ಉಮರರ ಕಾಲದಲ್ಲಿ ಸೈನ್ಯದ ಬೀಡಾಗಿ ಹುಟ್ಟಿದ ಆ ಊರು ಅಷ್ಟರಲ್ಲಿ ವಿದ್ವಾಂಸರ ಬೀಡಾಗಿತ್ತು. ಕದರ್ ವಿಚಾರವನ್ನು ಬಸ್ರಾದಲ್ಲಿ ಮೊದಲು ಎತ್ತಿದವನು ಮಅಬದ್ ಅಲ್-ಜುಹನಿ ಎಂದು ಮುಸ್ಲಿಂ ಸಂಗ್ರಹದ ಮೊದಲ ಭಾಗದಲ್ಲಿಯೇ ಹೇಳಿದೆ. ಮನುಷ್ಯನು ತನ್ನ ಕರ್ಮವನ್ನು ತಾನೇ ಮಾಡುತ್ತಾನೆ, ಪಾಪವನ್ನು ದೇವರಿಗೆ ಅಂಟಿಸಬಾರದು ಎಂಬುದು ಇವನ ಪಕ್ಷ. ಉಮಯ್ಯದರು ರಕ್ತ ಹರಿಸಿ ಅದನ್ನು ದೇವರ ಸಂಕಲ್ಪವೆನ್ನುತ್ತಾರೆಂದು ಇವನು ದೂರಿದಾಗ, ಹಸನ್ ಅಲ್-ಬಸ್ರಿ (642-728) ಅವರು ದೇವರ ಆ ಶತ್ರುಗಳು ಸುಳ್ಳಾಡುತ್ತಾರೆಂದು ಉತ್ತರಿಸಿದರೆಂಬ ವೃತ್ತಾಂತವಿದೆ. ಮಅಬದನು ಸುಮಾರು 700ರ ಹೊತ್ತಿಗೆ ಮರಣದಂಡನೆಗೆ ಗುರಿಯಾದನು.

ಹಸನರು ಖಲೀಫ ಅಬ್ದುಲ್ ಮಲಿಕನಿಗೆ ಬರೆದರೆನ್ನಲಾದ ಒಂದು ಪತ್ರ ಉಳಿದುಬಂದಿದೆ. ದೇವರು ತಾನು ನಿಷೇಧಿಸಿದ್ದನ್ನು ತಾನೇ ಮಾಡಿಸುವುದಿಲ್ಲವೆಂಬುದು ಅದರ ವಾದ. ಅದು ಹಸನರದೇ ಎಂಬುದನ್ನು ಇತ್ತೀಚಿನ ವಿದ್ವಾಂಸರು ಸಂದೇಹಿಸಿದ್ದಾರೆ. ಹಸನರ ಶಿಷ್ಯವರ್ಗದಲ್ಲಿ ಮಾಲಿಕ್ ಇಬ್ನ್ ದೀನಾರ್ ಎಂಬ ವಿರಕ್ತರೊಬ್ಬರಿದ್ದರು. ಕಾಸರಗೋಡಿನ ತಳಂಗರೆಯ ಹಳೆಯ ಮಸೀದಿಯನ್ನು ಐತಿಹ್ಯವು ಮಾಲಿಕ್ ದೀನಾರರ ಹೆಸರಿಗೇ ಜೋಡಿಸಿರುವುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಐತಿಹ್ಯದ ಮಾಲಿಕರೂ ಬಸ್ರಾದ ಮಾಲಿಕರೂ ಒಬ್ಬರೇ ಎನ್ನಲು ಸಾಕಷ್ಟು ಪ್ರಮಾಣವಿಲ್ಲ. ಆದರೂ ಚಂದ್ರಗಿರಿಯ ದಡದಲ್ಲಿ ನಿತ್ಯವೂ ಕೇಳುವ ಒಂದು ಹೆಸರು ನಮ್ಮನ್ನು ಈ ಚರ್ಚೆ ನಡೆದ ಊರಿಗೇ ಕರೆದೊಯ್ಯುವುದು ಗಮನಾರ್ಹ.

ಸ್ವಾತಂತ್ರ್ಯಪಕ್ಷದವರಿಗೆ ‘ಕದರಿಯ’ ಎಂಬ ಹೆಸರು ಬಿತ್ತು. ಕದರನ್ನು ಮನುಷ್ಯನ ಮೇಲೆ ಹೇರಲೊಪ್ಪದವರಿಗೆ ಕದರಿನ ಹೆಸರೇ ಅಂಟಿದ್ದು ವಿಚಿತ್ರ. ಅದು ಬೈಗುಳಾಗಿದ್ದುದರಿಂದ ಎರಡು ಪಕ್ಷದವರೂ ಅದನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರು. ದಮಸ್ಕಸಿನ ಘೈಲಾನ್ ಎಂಬ ಕದರಿ ಖಲೀಫ ಹಿಷಾಮನ (724-743) ಆಜ್ಞೆಯಿಂದ ಕೊಲ್ಲಲ್ಪಟ್ಟನು. ಆದರೆ 744ರಲ್ಲಿ ಕದರಿಗಳ ಬೆಂಬಲದಿಂದಲೇ ಮೂರನೆಯ ಯಜೀದನು ಪಟ್ಟಕ್ಕೆ ಬಂದನು. ಕಲ್ಲಿನ ಮೇಲೆ ಕಲ್ಲಿಟ್ಟು ಅರಮನೆ ಕಟ್ಟಿಸುವುದಿಲ್ಲ, ಒಂದು ನಾಡಿನ ಹಣವನ್ನು ಇನ್ನೊಂದಕ್ಕೆ ಸಾಗಿಸುವುದಿಲ್ಲ, ಮಾತು ತಪ್ಪಿದರೆ ಜನರು ತನ್ನನ್ನು ಇಳಿಸಬಹುದು ಎಂದು ಅವನು ತನ್ನ ಮೊದಲ ಭಾಷಣದಲ್ಲಿ ಸಾರಿದನು. ಮನುಷ್ಯನು ಹೊಣೆಗಾರನೆಂಬ ತತ್ತ್ವದಿಂದ ದೊರೆಯೂ ಹೊಣೆಗಾರನೆಂಬ ತತ್ತ್ವ ಹೇಗೆ ಹೊರಡುತ್ತದೆಂಬುದಕ್ಕೆ ಇದು ನಿದರ್ಶನ. ಅವನ ಆಳಿಕೆ ಸುಮಾರು ಆರು ತಿಂಗಳಿಗೆ ಮುಗಿಯಿತು.

ಹಾಗೆಂದು ವಿಧಿವಾದಿಗಳೆಲ್ಲ ರಾಜಪಕ್ಷದವರು, ಸ್ವಾತಂತ್ರ್ಯವಾದಿಗಳೆಲ್ಲ ಪ್ರಜಾಪಕ್ಷದವರು ಎಂದು ಗೆರೆ ಎಳೆಯುವುದು ಸರಿಯಲ್ಲ. ಜಬ್ರ್ ಪಕ್ಷದ ಅತ್ಯಂತ ಕಟ್ಟಾಳು ಜಹ್ಮ್ ಇಬ್ನ್ ಸಫ್ವಾನ್. ಮರ ಅಲುಗಿತು, ಸೂರ್ಯ ಮುಳುಗಿದನು ಎನ್ನುವಂತೆಯೇ ಮನುಷ್ಯನು ಮಾಡಿದನೆನ್ನುವುದೂ ಬರಿಯ ಉಪಚಾರದ ಮಾತು ಎಂಬುದು ಅವನ ಮತ. ಅಂಥವನು ಖುರಾಸಾನದಲ್ಲಿ ಉಮಯ್ಯದರ ವಿರುದ್ಧ ಬಂಡಾಯಕ್ಕೆ ಸೇರಿ 746ರಲ್ಲಿ ಪ್ರಾಣ ಕೊಟ್ಟನು. ವಿಧಿಯನ್ನು ನಂಬಿದವನು ಕೈಕಟ್ಟಿ ಕೂರುತ್ತಾನೆಂಬ ಸಾಮಾನ್ಯೋಕ್ತಿಗೆ ವಿಧಿವಾದಿಗಳ ಮುಂದಾಳೇ ಅಪವಾದವಾಗಿದ್ದಾನೆ.

ನ್ಯಾಯಪಕ್ಷದವರು

ಬಸ್ರಾದಲ್ಲಿ ವಾಸಿಲ್ ಇಬ್ನ್ ಅತಾ (ಮರಣ 748), ಅಮ್ರ್ ಇಬ್ನ್ ಉಬೈದ್ (ಮರಣ 761) ಎಂಬವರಿಂದ ಬೆಳೆದ ಮುತಜಿಲ ಪಂಥ ಈ ವಿಚಾರವನ್ನು ಶಾಸ್ತ್ರವನ್ನಾಗಿ ಮಾಡಿತು. ಅವರು ತಮ್ಮನ್ನು ಕರೆದುಕೊಂಡದ್ದು ‘ನ್ಯಾಯ ಮತ್ತು ಏಕತ್ವದ ಜನ’ ಎಂದು. ದೇವರು ನ್ಯಾಯವಂತನಾಗಿರುವುದರಿಂದ ಕೈಲಾಗದ್ದನ್ನು ವಿಧಿಸುವುದಿಲ್ಲ. ಮನುಷ್ಯನಿಗೆ ಮೊದಲು ಶಕ್ತಿ ಕೊಟ್ಟು ಆಮೇಲೆ ಆಜ್ಞೆ ಕೊಡುತ್ತಾನೆ. ಆ ಶಕ್ತಿಯಿಂದ ಮನುಷ್ಯನು ತನ್ನ ಕರ್ಮವನ್ನು ತಾನೇ ಉಂಟುಮಾಡುತ್ತಾನೆ. ಕಲಿಸದ ಪಾಠದಲ್ಲಿ ಪರೀಕ್ಷೆ ಮಾಡಿ ಹುಡುಗನನ್ನು ದಂಡಿಸುವ ಉಪಾಧ್ಯಾಯನನ್ನು ಯಾರೂ ನ್ಯಾಯವಂತನೆನ್ನರು. ಮುತಜಿಲರ ವಾದದ ಬಲ ಇಂಥ ಸಹಜ ನ್ಯಾಯಬುದ್ಧಿಯಲ್ಲಿದೆ.

ಅಬ್ಬಾಸಿ ಖಲೀಫ ಮಾಮೂನನು ಈ ಪಂಥಕ್ಕೆ ಒಲಿದಿದ್ದನು. ಕುರಾನು ಸೃಷ್ಟವೆಂಬ ಅವರ ಇನ್ನೊಂದು ಸಿದ್ಧಾಂತವನ್ನು ಒಪ್ಪಿಸಲು ಅವನು 833ರಲ್ಲಿ ಪಂಡಿತರ ವಿಚಾರಣೆಯನ್ನು ಆರಂಭಿಸಿದನು. ಒಪ್ಪದಿದ್ದವರು ಸೆರೆ, ಪೆಟ್ಟು ಅನುಭವಿಸಿದರು. ಮನುಷ್ಯನಿಗೆ ಆಯ್ಕೆಯುಂಟೆಂದು ಸಾರಿದವರು ಅಧಿಕಾರ ಸಿಕ್ಕಾಗ ಇತರರ ಆಯ್ಕೆಯನ್ನು ಅಡಗಿಸಲು ನಿಂತದ್ದು ವಿಷಾದದ ಸಂಗತಿ. ಖಲೀಫ ಮುತವಕ್ಕಿಲನು ಸುಮಾರು 850ರೊಳಗೆ ಈ ವಿಚಾರಣೆಯನ್ನು ನಿಲ್ಲಿಸಿದನು. ಪಂಥಕ್ಕೆ ತಗಲಿದ ಅಪಕೀರ್ತಿ ಅಳಿಯಲಿಲ್ಲ. ಆದರೂ ರೈ ನಗರದ ಮುಖ್ಯ ನ್ಯಾಯಾಧೀಶನಾಗಿದ್ದ ಅಬ್ದುಲ್ ಜಬ್ಬಾರ್ (ಮರಣ 1025) ಈ ಪಕ್ಷದ ಮಹಾಗ್ರಂಥ ‘ಅಲ್-ಮುಘ್ನಿ’ಯನ್ನು ರಚಿಸಿದನು. ಶತಮಾನಗಳ ಕಾಲ ಮರೆಯಾಗಿದ್ದ ಅದರ ಹಲವು ಸಂಪುಟಗಳ ಹಸ್ತಪ್ರತಿಗಳು 1950ರ ದಶಕದ ಆರಂಭದಲ್ಲಿ ಯೆಮೆನಿನಲ್ಲಿ ಈಜಿಪ್ಟಿನ ವಿದ್ವಾಂಸರಿಗೆ ದೊರೆತು ಕೈರೋದಿಂದ ಅಚ್ಚಾದವು. ಅದುವರೆಗೆ ಮುತಜಿಲರ ಮಾತನ್ನು ಹೆಚ್ಚಾಗಿ ಅವರ ವಿರೋಧಿಗಳ ಬಾಯಿಂದಲೇ ಕೇಳಬೇಕಾಗಿತ್ತು.

ಅಶ್‌ಅರಿ ಮತ್ತು ‘ಗಳಿಕೆ’ಯ ವಾದ

ಮುತಜಿಲರಿಗೆ ಪ್ರಬಲವಾದ ಉತ್ತರ ಬಂದದ್ದು ಅವರ ಪಾಠಶಾಲೆಯಿಂದಲೇ. ಬಸ್ರಾದ ಜುಬ್ಬಾಇ ಎಂಬ ಗುರುವಿನ ಶಿಷ್ಯ ಅಬುಲ್ ಹಸನ್ ಅಲ್-ಅಶ್‌ಅರಿ ಸುಮಾರು 912ರಲ್ಲಿ ಗುರುವಿನ ಪಕ್ಷವನ್ನು ತೊರೆದನು. ಇದಕ್ಕೆ ಕಾರಣವಾಗಿ ಮೂವರು ಸಹೋದರರ ಕಥೆಯೊಂದುಂಟು. ಒಬ್ಬನು ಧರ್ಮಿಷ್ಠನಾಗಿ, ಒಬ್ಬನು ಪಾಪಿಯಾಗಿ, ಒಬ್ಬನು ಎಳೆಮಗುವಾಗಿ ಸತ್ತರು. ತನ್ನನ್ನು ಬದುಕಗೊಟ್ಟಿದ್ದರೆ ತಾನೂ ಪುಣ್ಯ ಗಳಿಸುತ್ತಿದ್ದೆನಲ್ಲ ಎಂದು ಮಗು ಕೇಳಿದರೆ? ಬೆಳೆದರೆ ಪಾಪಿಯಾಗುತ್ತೀಯೆಂದು ಬಲ್ಲೆನು, ನಿನ್ನ ಹಿತಕ್ಕಾಗಿಯೇ ಕರೆದುಕೊಂಡೆನು ಎಂದು ದೇವರು ಹೇಳುವನೆಂದು ಗುರು ಉತ್ತರಿಸಿದನು. ಆಗ ಪಾಪಿಯಾದವನು, ನನ್ನನ್ನೇಕೆ ಚಿಕ್ಕಂದಿನಲ್ಲಿ ಕರೆದುಕೊಳ್ಳಲಿಲ್ಲ ಎಂದು ಕೇಳಿದರೆ? ಗುರು ನಿರುತ್ತರನಾದನಂತೆ. ಈ ಕಥೆ ಚಾರಿತ್ರಿಕವೆಂಬುದು ಸಂದೇಹಾಸ್ಪದ. ದೇವರ ನ್ಯಾಯವನ್ನು ಮನುಷ್ಯನ ತಕ್ಕಡಿಯಲ್ಲಿ ತೂಗಲಾಗದೆಂಬ ಅಶ್‌ಅರಿ ಪಕ್ಷದ ಹೃದಯವನ್ನು ಮಾತ್ರ ಅದು ಚೆನ್ನಾಗಿ ತೋರಿಸುತ್ತದೆ.

ಅಶ್‌ಅರಿಯ ಪ್ರಕಾರ ಎಲ್ಲದರಂತೆ ಮನುಷ್ಯನ ಕರ್ಮವನ್ನೂ ಸೃಷ್ಟಿಸುವವನು ದೇವರು. ಮನುಷ್ಯನು ಅದನ್ನು ‘ಗಳಿಸಿ’ಕೊಳ್ಳುತ್ತಾನೆ. ಈ ಗಳಿಕೆಗೆ ‘ಕಸ್ಬ್’ ಎಂದು ಹೆಸರು. ಚಳಿಜ್ವರದಲ್ಲಿ ನಡುಗುವ ಕೈಗೂ ತಾನಾಗಿ ಎತ್ತಿದ ಕೈಗೂ ಇರುವ ಭೇದವನ್ನು ಪ್ರತಿಯೊಬ್ಬನೂ ತನ್ನಲ್ಲೇ ಅರಿಯುತ್ತಾನೆ. ಎರಡನೆಯದರಲ್ಲಿ ದೇವರು ಕೈಯ ಚಲನೆಯ ಜೊತೆಗೆ ಅದನ್ನು ನಡೆಸುವ ಸಾಮರ್ಥ್ಯವನ್ನೂ ಮನುಷ್ಯನಲ್ಲಿ ಸೃಷ್ಟಿಸಿರುತ್ತಾನೆ. ಹೊಣೆ ಬೀಳುವುದು ಅಲ್ಲಿ. ಇದು ಜಹ್ಮನ ಮರದ ಉಪಮೆಗಿಂತ ಬಹಳ ಭಿನ್ನವೆಂಬುದು ಸ್ಪಷ್ಟ. ಸೃಷ್ಟಿಯಾದ ಸಾಮರ್ಥ್ಯದಿಂದ ಕರ್ಮದ ಮೇಲೆ ಆಗುವ ಪರಿಣಾಮವೇನೆಂದು ಕೇಳಿದರೆ ಉತ್ತರ ಸುಲಭವಲ್ಲ. ಬಹಳ ನವುರಾದ ಮಾತಿಗೆ ‘ಅಶ್‌ಅರಿಯ ಕಸ್ಬಿಗಿಂತ ಸೂಕ್ಷ್ಮ’ ಎನ್ನುವುದು ಅರಬ್ಬೀಯಲ್ಲಿ ಗಾದೆಯೇ ಆಗಿಹೋಯಿತು.

ಸಮರ್ಕಂದದಿಂದ ನಮ್ಮ ಸೀಮೆಯವರೆಗೆ

ಅದೇ ಕಾಲದಲ್ಲಿ ದೂರದ ಸಮರ್ಕಂದದಲ್ಲಿ ಮಾತುರೀದಿ (ಮರಣ 944) ಎಂಬ ಪಂಡಿತನು ಹನಫಿ ಸಂಪ್ರದಾಯವನ್ನು ಹಿಡಿದು ಇನ್ನೊಂದು ಮಧ್ಯಮಾರ್ಗವನ್ನು ಕಂಡನು. ಕರ್ಮ ದೇವರ ಸೃಷ್ಟಿಯೇ ಹೌದು. ಆಯ್ಕೆ ಮಾತ್ರ ನಿಜವಾಗಿ ಮನುಷ್ಯನದು. ಅಬೂ ಹನೀಫರ (ಮರಣ 767) ಹೆಸರಿನಲ್ಲಿ ಬಂದಿರುವ ಒಂದು ಹಳೆಯ ಗ್ರಂಥದಲ್ಲಿ, ದೇವರು ಬರೆದಿಟ್ಟದ್ದು ವರ್ಣನೆಯ ರೂಪದಲ್ಲಿಯೇ ಹೊರತು ಬಲವಂತದ ಆಜ್ಞೆಯ ರೂಪದಲ್ಲಿ ಅಲ್ಲವೆಂಬ ಭಾವವಿದೆ. ನಮ್ಮವರು ಇದನ್ನು ಪಂಚಾಂಗದ ಹೋಲಿಕೆಯಿಂದ ತಿಳಿಯಬಹುದು. ಗ್ರಹಣ ಯಾವ ಗಳಿಗೆಗೆ ಎಂದು ಪಂಚಾಂಗ ಮೊದಲೇ ಬರೆದಿರುತ್ತದೆ. ಬರೆದದ್ದರಿಂದ ಗ್ರಹಣವಾಯಿತೆಂದು ಹೇಳುವವರಿಲ್ಲ. ಅರಿವು ಬೇರೆ, ಬಲಾತ್ಕಾರ ಬೇರೆ. ಶಿಯಾ ಪರಂಪರೆಯಲ್ಲಿಯೂ ಇಮಾಮ್ ಜಾಫರ್ ಸಾದಿಕರ (ಮರಣ 765) ಹೆಸರಿನಲ್ಲಿ, ಪೂರ್ಣ ಬಲಾತ್ಕಾರವೂ ಅಲ್ಲ, ಪೂರ್ಣವಾಗಿ ಬಿಟ್ಟುಕೊಟ್ಟದ್ದೂ ಅಲ್ಲ, ಸತ್ಯವು ನಡುವೆ ಇದೆ ಎಂಬರ್ಥದ ಉಕ್ತಿ ಪ್ರಸಿದ್ಧವಾಗಿದೆ.

ಈ ಮೂರು ಧಾರೆಗಳೂ ಕನ್ನಡ ಮಾತಾಡುವ ಸೀಮೆಯನ್ನು ಮುಟ್ಟಿವೆ. ಕಾಸರಗೋಡಿನಿಂದ ಭಟ್ಕಳದವರೆಗಿನ ಕರಾವಳಿಯ ಮುಸ್ಲಿಮರು ಬಹುಮಟ್ಟಿಗೆ ಶಾಫಿ ಸಂಪ್ರದಾಯದವರು. ಆ ಸಂಪ್ರದಾಯದ ಜೊತೆಗೆ ಸಾಮಾನ್ಯವಾಗಿ ಬರುವುದು ಅಶ್‌ಅರಿಯ ಸಿದ್ಧಾಂತ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಹೆಚ್ಚಿನವರು ಹನಫಿಗಳು. ನಸಫಿಯ (ಮರಣ 1142) ಸಿದ್ಧಾಂತಸಂಗ್ರಹ ಮಾತುರೀದಿಯ ಪಕ್ಷದ್ದು. ಅದಕ್ಕೆ ತಫ್ತಾಜಾನಿ ಬರೆದ ವ್ಯಾಖ್ಯಾನ ಉತ್ತರ ಹಿಂದುಸ್ಥಾನದ ಪ್ರಸಿದ್ಧ ಪಾಠಕ್ರಮವಾದ ‘ದರ್ಸೆ ನಿಜಾಮಿ’ಯಲ್ಲಿ ಸೇರಿ ದೇಶದ ಮದರಸಾಗಳಲ್ಲಿ ಹರಡಿತು. ಬಿಜಾಪುರದ ಆದಿಲಶಾಹಿ ದೊರೆಗಳಲ್ಲಿ ಕೆಲವರು ಶಿಯಾ ಪಕ್ಷವನ್ನೂ ಕೆಲವರು ಸುನ್ನಿ ಪಕ್ಷವನ್ನೂ ಹಿಡಿದದ್ದು ಚರಿತ್ರೆಯಲ್ಲಿದೆ. ‘ಮುಸ್ಲಿಮರ ವಿಧಿವಾದ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ವೈವಿಧ್ಯವನ್ನು ಗಮನಿಸಬೇಕು.

ಲೋಕವ್ಯವಹಾರದಲ್ಲಿ

ತರ್ಕ ಎಷ್ಟೇ ಸೂಕ್ಷ್ಮವಾದರೂ ಬಾಳಿನಲ್ಲಿ ನಡೆಯಬೇಕಾದ ಬಗೆ ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ಅಶ್‌ಅರಿ ಪಕ್ಷದ ಅತ್ಯಂತ ಪ್ರಭಾವಶಾಲಿ ಲೇಖಕ ಘಜಾಲಿ (1058-1111) ಬಗ್ದಾದಿನ ನಿಜಾಮಿಯಾ ವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದು, ಮುಂದೆ ವಿರಕ್ತನಾಗಿ ‘ಇಹ್ಯಾ’ ಎಂಬ ಮಹಾಗ್ರಂಥವನ್ನು ಬರೆದವನು. ಬೆಂಕಿ ಹತ್ತಿಯನ್ನು ಸುಡುವುದು ಕೂಡ ಬೆಂಕಿಯ ಸ್ವಂತ ಶಕ್ತಿಯಿಂದಲ್ಲ, ದೇವರ ಇಚ್ಛೆಯಿಂದ ಎಂದವನು ಅವನು. ಹೀಗಿದ್ದೂ ‘ತವಕ್ಕುಲ್’ ಅಂದರೆ ದೇವರಲ್ಲಿ ಭಾರ ಹಾಕುವುದನ್ನು ವಿವರಿಸುವಾಗ, ಬಿತ್ತದೆ ಬೆಳೆಯನ್ನು ನಿರೀಕ್ಷಿಸುವವನೂ, ಅನ್ನದ ಕಡೆಗೆ ಕೈಚಾಚದೆ ತುತ್ತು ತಾನಾಗಿ ಬಾಯಿಗೆ ಬರಲೆಂದು ಕಾಯುವವನೂ ಭಕ್ತರಲ್ಲ, ಮರುಳರು ಎಂದು ತೀರ್ಮಾನಿಸಿದನು. ಒಂಟೆಯನ್ನು ಮೊದಲು ಕಟ್ಟಿಹಾಕಿ ಆಮೇಲೆ ದೇವರಲ್ಲಿ ಭರವಸೆಯಿಡಬೇಕೆಂಬ ಪೈಗಂಬರರ ಉಪದೇಶವೂ ತಿರ್ಮಿಜಿಯ ಸಂಗ್ರಹದಲ್ಲಿ ಬಂದಿದೆ.

ಪಾರಸಿಯ ಸೂಫಿಕವಿ ಜಲಾಲುದ್ದೀನ್ ರೂಮಿ (1207-1273) ತನ್ನ ‘ಮಸ್ನವಿ’ಯಲ್ಲಿ ಇದಕ್ಕೆ ನಗೆಯ ರೂಪ ಕೊಟ್ಟಿದ್ದಾನೆ. ಒಬ್ಬನು ಪರರ ತೋಟಕ್ಕೆ ನುಗ್ಗಿ ಮರ ಹತ್ತಿ ಹಣ್ಣು ಉದುರಿಸುತ್ತಿದ್ದನು. ತೋಟದ ಒಡೆಯನು ಗದರಿಸಿದಾಗ, ದೇವರ ತೋಟದಲ್ಲಿ ದೇವರ ಹಣ್ಣನ್ನು ದೇವರ ದಾಸನು ತಿನ್ನುವುದರಲ್ಲಿ ತಪ್ಪೇನು ಎಂದು ವೇದಾಂತ ಹೇಳಿದನು. ಒಡೆಯನು ಅವನನ್ನು ಮರಕ್ಕೆ ಕಟ್ಟಿ ದೊಣ್ಣೆಯಿಂದ ಬಾರಿಸತೊಡಗಿದನು. ಅವನು ಕೂಗಿಕೊಂಡಾಗ, ಇದೂ ದೇವರ ದೊಣ್ಣೆ, ದೇವರ ಬೆನ್ನು, ದೇವರ ದಾಸನ ಕೈ ಎಂದನು. ಪೆಟ್ಟು ತಿಂದ ಕಳ್ಳನಿಗೆ ಆಯ್ಕೆಯೆಂಬುದು ಉಂಟು, ಖಂಡಿತ ಉಂಟು ಎಂಬ ಜ್ಞಾನೋದಯವಾಯ್ತಂತೆ. ಕೂಫಾದ ರಾಜ್ಯಪಾಲನ ವಾದವೂ ಈ ಕಳ್ಳನ ವಾದವೂ ಒಂದೇ ಜಾತಿಯವು. ಅಧಿಕಾರವಿದ್ದವನಿಗೆ ದೊಣ್ಣೆ ತೋರಿಸುವವರು ಇರಲಿಲ್ಲ, ಅಷ್ಟೆ.

ಸ್ಪೇನಿನ ಇಬ್ನ್ ರುಷ್ದ್ (1126-1198) ಇದು ಧರ್ಮಶಾಸ್ತ್ರದ ಅತಿ ಕಠಿನ ಪ್ರಶ್ನೆಗಳಲ್ಲೊಂದೆಂದೂ, ಶ್ರುತಿವಚನಗಳೂ ಯುಕ್ತಿಗಳೂ ಎರಡೂ ಕಡೆ ನಿಲ್ಲುತ್ತವೆಂದೂ ಒಪ್ಪಿಕೊಂಡನು. ನಮ್ಮೊಳಗಿನ ಇಚ್ಛೆಯೂ ಹೊರಗಿನ ಕಾರಣಗಳೂ ಕೂಡಿದಾಗಲೇ ಕರ್ಮ ಘಟಿಸುತ್ತದೆಂಬುದು ಅವನ ಸಮಾಧಾನ.

ಹೊಸಗಾಲದ ವಿಚಾರ

ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚಾತ್ಯರ ಆಳಿಕೆ ಮುಸ್ಲಿಂ ನಾಡುಗಳ ಮೇಲೆ ಹಬ್ಬಿದಾಗ, ಅವನತಿಗೆ ಕಾರಣ ಅವರ ವಿಧಿವಾದವೇ ಎಂಬ ಆರೋಪ ಮತ್ತೆ ಕೇಳಿಬಂತು. 1884ರಲ್ಲಿ ಪ್ಯಾರಿಸಿನಿಂದ ಹೊರಡುತ್ತಿದ್ದ ‘ಅಲ್-ಉರ್ವತ್ ಅಲ್-ವುಸ್ಕಾ’ ಪತ್ರಿಕೆಯಲ್ಲಿ ಜಮಾಲುದ್ದೀನ್ ಅಫ್ಘಾನಿ ಇದಕ್ಕೆ ಉತ್ತರ ಬರೆದನು: ಕದರಿನಲ್ಲಿ ನಂಬಿಕೆ ಬೇರೆ, ಜಬ್ರ್ ಬೇರೆ, ಮೊದಲನೆಯದು ಸಾವಿಗೆ ಹೆದರದ ಧೈರ್ಯವನ್ನು ಕೊಡುತ್ತದೆ, ಎರಡನೆಯದನ್ನು ಈಗ ಯಾವ ಪಂಥವೂ ಹಿಡಿದಿಲ್ಲ. ಕವಿ ಇಕ್ಬಾಲರು 1929ರ ಜನವರಿಯಲ್ಲಿ ಮದರಾಸಿನಲ್ಲಿ ಉಪನ್ಯಾಸಗಳನ್ನು ಕೊಟ್ಟು, ಬೆಂಗಳೂರು ಮೈಸೂರುಗಳಿಗೂ ಬಂದು, ಶ್ರೀರಂಗಪಟ್ಟಣದಲ್ಲಿ ಟೀಪುವಿನ ಗೋರಿಯನ್ನು ಸಂದರ್ಶಿಸಿದರು. ಆ ಉಪನ್ಯಾಸಮಾಲೆ 1930ರಲ್ಲಿ ಗ್ರಂಥರೂಪದಲ್ಲಿ ಬಂತು. ಅದರ ನಾಲ್ಕನೆಯ ಉಪನ್ಯಾಸದಲ್ಲಿ ಮಅಬದ್-ಹಸನರ ಆ ಹಳೆಯ ಸಂವಾದವನ್ನೇ ಸ್ಮರಿಸಿ, ಜನಸಾಮಾನ್ಯರಲ್ಲಿ ಹರಡಿದ ವಿಧಿವಾದದ ಹಿಂದೆ ಆಳುವವರ ಸ್ವಾರ್ಥವಿತ್ತೆಂದು ಇಕ್ಬಾಲರು ವಿವೇಚಿಸಿದ್ದಾರೆ.

ಉಪಸಂಹಾರ

ಮುಸ್ಲಿಂ ಸಮಾಜದಲ್ಲಿ ವಿಧಿಯ ಹೆಸರಿನಲ್ಲಿ ಆಲಸ್ಯವೇ ಇರಲಿಲ್ಲವೆಂದು ಈ ಲೇಖನದ ತಾತ್ಪರ್ಯವಲ್ಲ. ಕಿಸ್ಮತ್ತೆಂದು ನಿಟ್ಟುಸಿರಿಡುವವರೂ ಹಣೆಬರಹವೆಂದು ನಿಟ್ಟುಸಿರಿಡುವವರೂ ಒಂದೇ ಬೀದಿಯಲ್ಲಿ ವಾಸಿಸುತ್ತಾರೆ. ಆದರೆ ಒಂದು ಮತದ ಚಿಂತನೆಯನ್ನು ಅಳೆಯಬೇಕಾದದ್ದು ಅದರ ಪಂಡಿತರು ತಲೆಕೊಟ್ಟು ವಾದಿಸಿದ್ದನ್ನು ಓದಿ. ಬೀದಿಯ ನಿಟ್ಟುಸಿರಿನಿಂದ ಅಳೆಯಬಾರದು. ನಮ್ಮ ಗಡಿಸೀಮೆಯ ತರಗತಿಗಳಲ್ಲಿ ಕನ್ನಡ, ತುಳು, ಮಲೆಯಾಳ, ಬ್ಯಾರಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಅವರಲ್ಲಿ ಕೆಲವರ ಮತ ಪ್ರಯತ್ನವನ್ನೇ ಒಲ್ಲದೆಂದು ಚರಿತ್ರೆಯ ಪಾಠದಲ್ಲಿ ಒಂದು ವಾಕ್ಯ ಹೇಳಿಬಿಟ್ಟರೆ, ಅದು ಸುಳ್ಳು ಎನಿಸುವುದಲ್ಲದೆ ಆ ಮಕ್ಕಳ ಮನಸ್ಸಿನಲ್ಲಿ ಬಹುಕಾಲ ಉಳಿಯುವ ನೋವೂ ಆಗುತ್ತದೆ.

ಕದರಿನ ತಾರ್ಕಿಕ ಗಂಟು ಇಂದಿಗೂ ಪೂರ್ತಿ ಬಿಚ್ಚಿಲ್ಲ. ಯಾವ ಮತದಲ್ಲಿಯೂ ಅದು ಬಿಚ್ಚಿದಂತೆ ತೋರುವುದಿಲ್ಲ. ಉಪಾಧ್ಯಾಯರಾದ ನಾವು ಆ ಗಂಟನ್ನು ಬಿಚ್ಚಲು ಹೋಗಬೇಕಾಗಿಲ್ಲ. ಕೂಫಾದ ದರಬಾರಿನಲ್ಲಿ ಕೈಕೋಳ ತೊಟ್ಟು ನಿಂತ ಆ ರೋಗಿ ಯುವಕನು ಹೇಳಿದ ಮಾತನ್ನು ಮಕ್ಕಳಿಗೆ ತಿಳಿಸಿದರೆ ಸಾಕು. ಸಾವು ದೇವರದೆಂದು ಅವನು ತಲೆಬಾಗಿದನು, ಕೊಲೆ ಜನರದೆಂದು ತಲೆಯೆತ್ತಿ ನುಡಿದನು.